ಹೊಳೆಯಾಚೆಯ ಓತಿಕ್ಯಾತ

“ಸುಳ್ಳುಬುರುಕ!” ಎಂದು ಬಲ್‌ಝಾನ್ ಕೂಗಿಯೇಬಿಟ್ಟಳು.

ಇಡೀ ಐದನೇ ಕ್ಲಾಸು ಗೊಳ್ಳೆಂದು ನಕ್ಕಿತು. ದಿದಾರ್ ಓತಿಕ್ಯಾತದ ಬಗ್ಗೆ ಬರೆದ ನೋಟ್‌ಬುಕ್ ಹಿಡಿದು ಬೋರ್ಡಿನ ಮುಂದೆ ಹಾಗೇ ನಿಂತಿದ್ದ. ಹೊಳೆಯಾಚೆಯ ಹಳ್ಳಿಯಿಂದ ಅವನು ಈ ಸ್ಕೂಲಿಗೆ ಬಂದು ತಿಂಗಳಾಗಿತ್ತಷ್ಟೆ.

“ನಾನೇ ನೋಡಿದೀನಿ. ಇನ್ನೊಂದು ಹತ್ರ ಬಂದ್ರೆ ಓತಿಕ್ಯಾತ ಬಾಲಾನ ಮರಳಿಗೆ ಬಡಿಯುತ್ತೆ. ಆ ಕಡೆ, ಈ ಕಡೆ.”

“ಬಡಿಯಲ್ಲ! ಬಾಲ ಎತ್ತಿ ಬೆನ್ನ ಮೇಲೆ ಸುರುಳಿ ಸುತ್ತುತ್ತೆ. ನಮ್ಮನೆ ಹಿಂದಿನ ದಿಬ್ಬದಲ್ಲಿ ದಿನಾ ನೋಡ್ತೀನಿ!”

ಹೌದು ಹೌದು ಎಂದರು ಎಲ್ಲರೂ. ಆ ದಿಬ್ಬ ಯಾರಿಗೆ ಗೊತ್ತಿಲ್ಲ?

“ಗಲಾಟೆ ಸಾಕು. ಇನ್ನೊಂದ್ಸಲ ನೋಡ್ಕೊಂಡು ಬನ್ನಿ,” ಎಂದರು ಗೌಹರ್ ಟೀಚರ್.

ದಿದಾರ್ ಬೆಂಚಿಗೆ ಹೋಗಿ, ಬರೆದಿದ್ದನ್ನೆಲ್ಲ ರಬ್ಬರಿನಿಂದ ಅಳಿಸಿದ. ಅಂದಿನಿಂದ ಅವನ ಹೆಸರೇ ಸುಳ್ಳುಬುರುಕ ಎಂದಾಯಿತು. ಫುಟ್‌ಬಾಲ್ ಆಡಲೂ ಯಾರೂ ಕರೆಯಲಿಲ್ಲ.

ಮೇ ತಿಂಗಳ ರಜೆಗೆ ಬಲ್‌ಝಾನ್ ಹೊಳೆ ದಾಟಿ ತುರಾರ್ ಮಾಮನ ಮನೆಗೆ ಹೋದಳು. ಅಕ್ಕತಂಗಿಯರ ಮಕ್ಕಳು ಬಂದು ಏನಾದರೂ ಕೇಳಿದರೆ ಕಝಕರ ಮನೆಯ ಸೋದರಮಾವ ಇಲ್ಲ ಅನ್ನುವಂತಿಲ್ಲ. ಮೂರು ಸಲದ ಮಟ್ಟಿಗೆ ಅದು ಮಕ್ಕಳ ಹಕ್ಕು.

“ಬಂದ್ಯಾ ಕಳ್ಳಿ! ಏನು ದೋಚ್ಕೊಂಡು ಹೋಗ್ತೀಯ? ಕುರಿಮರಿನಾ, ಕುದುರೆಮರಿನಾ?”

“ಓತಿಕ್ಯಾತ ತೋರ್ಸು ಮಾಮ.”

ಮಾಮ ಟೀ ಬಟ್ಟಲು ಕೆಳಗಿಟ್ಟ. “ಅಯ್ಯೋ ಪೆದ್ದಿ! ಕುದುರೆಮರಿ ಕೊಡೋಕೆ ರೆಡಿ ಆಗಿದ್ದೆ!”

“ಒಬ್ಬ ಹುಡುಗನ್ನ ಸೋಲಿಸ್ಬೇಕು.”

ಮಾಮನ ಬೈಕು ಮರಳ ದಿಬ್ಬಗಳ ಬುಡದಲ್ಲಿ ನಿಂತಿತು. ಬಲ್‌ಝಾನ್ ಹೊಟ್ಟೆಯ ಮೇಲೆ ಮಲಗಿ ಕಾದಳು. ಪೊದೆಯ ಕೆಳಗಿನ ಓತಿಕ್ಯಾತದ ಎದುರಿಗೆ ಇನ್ನೊಂದು ಸರ್ರನೆ ಓಡಿಬಂತು. ಮೊದಲನೆಯದು ಬಾಲವನ್ನು ಮರಳಿಗೆ ಬಡಿಯಿತು. ಆ ಕಡೆ, ಈ ಕಡೆ.

ಅದಕ್ಕೇನೋ ಆಗಿರಬೇಕು ಎಂದುಕೊಂಡಳು. ಬೇರೆ ಪೊದೆಗೆ ಹೋದಳು. ಅಲ್ಲೂ ಅಷ್ಟೆ. ಆರು ನೋಡಿದಳು. ಒಂದೂ ಸುರುಳಿ ಸುತ್ತಲಿಲ್ಲ.

“ಮಾಮ, ನಿಮ್ಮ ಓತಿಕ್ಯಾತಗಳಿಗೆ ಏನಾಗಿದೆ?”

“ನನ್ನ ಅಜ್ಜನ ಕಾಲದಿಂದ ಇವು ಹಿಂಗೇ. ನಿಮ್ಮವಕ್ಕೇ ಏನೋ ಆಗಿದೆ!”

ಮಾಮ ನಕ್ಕ. ಅವಳಿಗೆ ನಗು ಬರಲಿಲ್ಲ. ಇದನ್ನು ಕ್ಲಾಸಿನವರು ಯಾರೂ ನೋಡಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದೂ ಇಲ್ಲ.

ರಜೆ ಮುಗಿದ ಸೋಮವಾರ ಟೀಚರ್ ಓತಿಕ್ಯಾತದ ವಿಷಯ ಕೇಳಿದಾಗ ಬಲ್‌ಝಾನ್ ಎದ್ದು ನಿಂತಳು.

“ದಿದಾರ್ ಹೇಳಿದ್ದು ನಿಜ. ಆಚೆ ದಡದಲ್ಲಿ ಬಡಿಯುತ್ತೆ. ಹಿಂಗೆ.” ತೋಳನ್ನು ಡೆಸ್ಕಿನ ಮೇಲಿಟ್ಟು ಅತ್ತಿತ್ತ ಆಡಿಸಿದಳು.

“ಇವಳೂ ಸುಳ್ಳುಬುರುಕಿ!”

“ಏನು ಕೊಟ್ಟನೇ, ಚಾಕಲೇಟಾ?”

ಅವಳ ಕಿವಿ ಬಿಸಿಯಾಯಿತು. ನೋಡಿ ಬಂದವಳು ಅವಳು. ನಗುತ್ತಿದ್ದವರು ಯಾರೂ ಹೊಳೆಯನ್ನೇ ದಾಟಿರಲಿಲ್ಲ. ಅವಳು ತೋಳನ್ನು ಮತ್ತೆ ಅತ್ತಿತ್ತ ಆಡಿಸಿದಳು.

“ಅಷ್ಟು ನಿಧಾನ ಅಲ್ಲ,” ಎಂದಿತು ಹಿಂದಿನ ಬೆಂಚಿನಿಂದ ಒಂದು ದನಿ. ದಿದಾರ್! “ಬೇಗ ಬೇಗ ಬಡಿಯುತ್ತೆ.”

ಅವಳು ಬೇಗ ಬೇಗ ಬಡಿದಳು. ಟೀಚರ್ ಬೋರ್ಡಿನ ಮೇಲೆ ಎರಡನ್ನೂ ಅಕ್ಕಪಕ್ಕ ಬರೆದರು: ಈ ದಡದಲ್ಲಿ ಸುರುಳಿ, ಆಚೆ ದಡದಲ್ಲಿ ಬಡಿತ.

ಬೆಲ್ ಹೊಡೆದ ಮೇಲೆ ದಿದಾರ್ ಹತ್ತಿರ ಬಂದ. “ನಿಮ್ಮವು ಸುರುಳಿ ಹೆಂಗೆ ಸುತ್ತುತ್ತವೆ?”

“ನೀನು ನೋಡೇ ಇಲ್ವಾ?”

“ನನ್ನನ್ನ ದಿಬ್ಬಕ್ಕೆ ಯಾರು ಕರ್ಕೊಂಡು ಹೋಗ್ತಾರೆ?”

ಅವತ್ತು ಅವನು ತಾನು ಕಂಡದ್ದನ್ನಷ್ಟೇ ಹೇಳಿದ್ದ. ಅವಳದು ಸುಳ್ಳು ಎಂದಿರಲೇ ಇಲ್ಲ. ಬಲ್‌ಝಾನ್‌ಗೆ ಅದು ಈಗ ನೆನಪಾಯಿತು.

“ಸಂಜೆ ಬಾ,” ಎಂದಳು. “ಟೋಪಿ ಹಾಕ್ಕೊಂಡು ಬಾ. ಅಲ್ಲಿ ತುಂಬಾ ಹೊತ್ತು ಕಾಯ್ಬೇಕು.”