ಬೂದಿಯಲ್ಲಿ ಸಿಗದ ತಂತಿ

ಭಾನುವಾರ ಸಂಜೆ ಐದೂವರೆಗೆ ಶಾಲೆಯ ಹೆಡ್‌ಮಾಸ್ತರು ಠಾಣೆಗೆ ಬಂದು ದೂರು ಬರೆದುಕೊಟ್ಟರು. ಸಂಗೀತದ ಕೋಣೆಗೆ ಯಾರೋ ಬೆಂಕಿ ಇಟ್ಟಿದ್ದಾರೆ. ಸರ್ಕಾರದ ಶಿಕ್ಷಣ ಪರಿಹಾರ ನಿಧಿಯಲ್ಲಿ ಮಕ್ಕಳಿಗೆಂದು ತರಿಸಿದ್ದ ಡ್ರಮ್ಮು, ಗಿಟಾರು, ವಯಲಿನ್ನುಗಳೆಲ್ಲ ಸುಟ್ಟು ಕರಕಲಾಗಿವೆ. ಬೀಗ ಒಡೆದು ಒಳಗೆ ನುಗ್ಗಿದ ಆಯಾಳ ಎರಡೂ ಕೈ ಬೆಂದಿವೆ.

“ಯಾರ ಮೇಲೆ ಅನುಮಾನ?” ಇನ್‌ಸ್ಪೆಕ್ಟರಮ್ಮ ಕೇಳಿದಳು.

“ಸಂಗೀತದ ಮೇಷ್ಟ್ರ ಮೇಲೆ. ಗುತ್ತಿಗೆ ಕೆಲಸದವನು. ಹೋದ ವಾರ ನನ್ನ ಮುಂದೆ ಹಾರಾಡಿ ಹೋದ.”

“ಯಾಕೆ?”

“ಅವನಿಗೆ ತಲೆ ನೆಟ್ಟಗಿಲ್ಲ ಮೇಡಂ.”

ಎಫ್‌ಐಆರ್ ದಾಖಲಾಯಿತು. ಅಂದೇ ಆಸ್ಪತ್ರೆಯಲ್ಲಿ ಆಯಾಳ ಹೇಳಿಕೆ ಪಡೆದರು. ಮೊಣಕೈವರೆಗೆ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದ ಆಕೆ ಹೇಳಿದಳು: “ಕಸ ಸುಡೋಕೆ ಅಂತ ಬಂದಿದ್ದೆ ತಾಯಿ. ಕಿಟಕೀಲಿ ಹೊಗೆ ಕಾಣಿಸ್ತು. ಬೀಗ ಹಾಕಿತ್ತು, ಕಲ್ಲಲ್ಲಿ ಒಡೆದೆ. ಡ್ರಮ್ಮಾದ್ರೂ ಹೊರಗೆ ಎಳೆಯೋಣ ಅಂತ ಪೆಟ್ಟಿಗೆ ತಬ್ಬಿಕೊಂಡೆ. ಕೈಯಲ್ಲೇ ಭಗ್ ಅಂತು.”

ಬೀಗ ಹಾಕಿದ್ದ ಕೋಣೆಯೊಳಗೆ ಬೆಂಕಿ ಇಟ್ಟವನು ಕೀಲಿಕೈ ಇದ್ದವನೇ.

ಸಂಗೀತದ ಮೇಷ್ಟ್ರನ್ನು ಕರೆಸಿದರು. ತೆಳ್ಳಗಿನ ಹುಡುಗ, ಹೆದರಿದ್ದ. ಕೋಪ ಮಾತ್ರ ಹೆದರಿಕೆಗಿಂತ ಒಂದು ಕೈ ಮೇಲೆಯೇ ಇತ್ತು.

“ಹೆಡ್‌ಮಾಸ್ತರ ಹತ್ತಿರ ಯಾಕೆ ಜಗಳ?”

“ಕೀಲಿಕೈಗೆ ಮೇಡಂ. ಕೆಲಸಕ್ಕೆ ಸೇರಿದಾಗಿಂದ ಕೇಳ್ತಿದೀನಿ. ಕಳೆದುಹೋಗುತ್ತೆ, ಮುರಿದುಹೋಗುತ್ತೆ ಅಂತ ಕೊಡಲೇ ಇಲ್ಲ. ಸಾಂಕ್ರಾಮಿಕ ರೋಗ ಬಂದು ಅಷ್ಟು ಕಾಲ ಶಾಲೆ ಮುಚ್ಚಿ ಮಕ್ಕಳು ಮಂಕಾಗಿಬಿಟ್ಟಿದಾರೆ. ಮಾತೇ ಆಡಲ್ಲ. ಅಂಥವರಿಗೆ ಹಾಡು, ಬಣ್ಣ, ಕುಣಿತ ಕಲಿಸಿ ಅಂತಲೇ ಆ ದುಡ್ಡು ಬಂದಿದ್ದು. ನಮ್ಮ ಮಕ್ಕಳು ಬೆಂಚು ಬಡಿದುಕೊಂಡು ತಾಳ ಕಲಿತಿದಾರೆ.”

“ವಾದ್ಯ ಒಂದು ಸಲವಾದರೂ ನೋಡಿದ್ದೀರಾ?”

“ಪೆಟ್ಟಿಗೆ ನೋಡಿದೀನಿ. ಕಿಟಕಿಯಿಂದ.”

ಸೋಮವಾರ ಬೆಳಿಗ್ಗೆ ಪಕ್ಕದ ಬೀದಿಯ ದರ್ಜಿಯನ್ನೂ ಔಷಧಿ ಅಂಗಡಿಯವನನ್ನೂ ಪಂಚರನ್ನಾಗಿ ಕರೆದು ಪಂಚನಾಮೆ ನಡೆಸಿದರು. ಬಾಗಿಲ ಬಳಿಯ ನೆಲ ಇನ್ನೂ ಸೀಮೆಎಣ್ಣೆ ನಾರುತ್ತಿತ್ತು. ‘ಮೀಸೆ’ ಎಂದೇ ಎಲ್ಲರೂ ಕರೆಯುವ ಹೆಡ್ ಕಾನ್‌ಸ್ಟೇಬಲ್ ಬೂದಿಯನ್ನೆಲ್ಲ ಜರಡಿ ಹಿಡಿದ. ಸಿಕ್ಕಿದ್ದು ರಟ್ಟಿನ ಪೆಟ್ಟಿಗೆಗೆ ಹೊಡೆಯುವ ಪಿನ್ನು, ಒಂದು ಹಿಡಿಯಷ್ಟು.

“ಇಷ್ಟೇನಾ?”

“ಇಷ್ಟೇ ಮೇಡಂ. ಇನ್ನೊಂದು ಸಲ ಬೇಕಾದ್ರೂ ಜರಡಿ ಹಿಡೀತೀನಿ.”

ಬೇಕಿರಲಿಲ್ಲ. ಬೆಂದ ಆ ಎರಡು ಕೈ ಇನ್‌ಸ್ಪೆಕ್ಟರಮ್ಮನ ಕಣ್ಣಿಗೆ ಕಟ್ಟಿದಂತಾಯಿತು. ಪಂಚರ ಸಹಿ ಹಾಕಿಸಿಕೊಂಡು ನೇರವಾಗಿ ಹೆಡ್‌ಮಾಸ್ತರ ಕೋಣೆಗೆ ನಡೆದಳು.

ಹೊರಗಿನ ತರಗತಿಗಳಲ್ಲಿ ಗಾರೆ ಉದುರುತ್ತಿತ್ತು. ಈ ಕೋಣೆಯಲ್ಲಿ ಹೊಸ ವಾರ್ನಿಷ್ ಘಮ, ತಣ್ಣನೆ ಎಸಿ, ಎತ್ತರದ ಚರ್ಮದ ಕುರ್ಚಿ.

“ತಂತಿ ಎಲ್ಲಿ ಸ್ವಾಮಿ?”

“ಯಾವ ತಂತಿ?”

“ಗಿಟಾರಿನದು, ವಯಲಿನ್ನಿನದು. ಡ್ರಮ್ಮಿನ ಕಬ್ಬಿಣದ ಬಳೆ ಎಲ್ಲಿ?”

“ಬೆಂಕಿ ಜೋರಾಗಿತ್ತು. ಕರಗಿರಬೇಕು.”

“ಕಬ್ಬಿಣ ಕರಗೋ ಬೆಂಕೀಲಿ ಕಿಟಕಿ ಸರಳು ನೆಟ್ಟಗೆ ಹೇಗೆ ನಿಂತಿವೆ?”

ಹೆಡ್‌ಮಾಸ್ತರು ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದರು.

“ಕೀಲಿಕೈ ಯಾರ ಹತ್ತಿರ ಇತ್ತು?”

ಅವರ ಕೈ ತನ್ನಷ್ಟಕ್ಕೆ ತಾನೇ ಜೇಬಿನತ್ತ ಹೋಯಿತು. ಬೆಳಿಗ್ಗೆ ಹನ್ನೊಂದೂಕಾಲಿಗೆ ಬಂಧನವಾಯಿತು.

ಠಾಣೆಯಲ್ಲಿ ಎಲ್ಲ ಒಪ್ಪಿಕೊಂಡರು. ಮೂವತ್ತು ವರ್ಷ ಪಾಠ ಮಾಡಿದವರು. ಮುರುಕು ಕುರ್ಚಿಯ ಮೇಲೆ ಕೂತ ತಮ್ಮನ್ನು ಬಂದ ಒಬ್ಬ ಅಧಿಕಾರಿಯೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಆ ದುಡ್ಡು ಬಂದಾಗ ಮೊದಲು ಕಂಡದ್ದು ತಮ್ಮ ಕೋಣೆಯೇ; ಎಸಿಗೂ ಚರ್ಮದ ಕುರ್ಚಿಗೂ ಅದು ಮುಗಿದುಹೋಯಿತು. ವಾದ್ಯ ಬಂದಿವೆ ಎಂದು ಇಲಾಖೆಗೆ ಫೋಟೊ ಕಳಿಸಲು ಖಾಲಿ ಪೆಟ್ಟಿಗೆ ಜೋಡಿಸಿದರು. ವಾದ್ಯ ನೋಡಲು ತಂಡ ಬರುತ್ತದೆ ಎಂದು ತಿಳಿದಾಗ ಸೀಮೆಎಣ್ಣೆ ತಂದರು.

“ಹಾಡು ಬರದೆ ಯಾವ ಮಗು ಫೇಲಾಗಿದೆ ಮೇಡಂ? ಯಾರೂ ಕೇಳಲ್ಲ ಅಂದ್ಕೊಂಡೆ,” ಎಂದರು. ಆ ದನಿಯಲ್ಲಿ ಅಹಂಕಾರವಿರಲಿಲ್ಲ. ಅದನ್ನವರು ನಿಜವಾಗಿಯೂ ನಂಬಿದ್ದರು.

ಮೀಸೆಯ ಪೆನ್ನು ನಿಂತಿತು.

“ಬರೀರಿ,” ಇನ್‌ಸ್ಪೆಕ್ಟರಮ್ಮ ಗದರಿದಳು. “ಒಂದಕ್ಷರ ಬಿಡಬೇಡಿ.”

ಸಂಜೆ ಆಸ್ಪತ್ರೆಗೆ ಹೋಗಿ ಆಯಾಳಿಗೆ ತಾನೇ ವಿಷಯ ತಿಳಿಸಿದಳು.

“ಹಂಗಾದ್ರೆ ಒಳಗೆ ಏನೂ ಇರ್ಲಿಲ್ವಾ?”

“ಇಲ್ಲಮ್ಮ.”

“ಮಾಸ್ತರ ಆ ಚರ್ಮದ ಕುರ್ಚೀನ ದಿನಾ ಒರೆಸ್ತಿದ್ದೋಳು ನಾನೇ,” ಎಂದಳು ಆಯಾ.