ಕಲ್ಲುಗೂಳಿ ಕೇಳಿದ ಪ್ರಶ್ನೆ

ಏಳು ಬೆಟ್ಟದಾಚೆ, ಈಗ ಯಾರೂ ಹೋಗದ ಕಡೆ, ಹೊಂಗಾವಿ ಎಂಬ ರಾಜ್ಯವಿತ್ತು. ತನ್ನ ಹುಟ್ಟುಕತೆ ಗೊತ್ತಿದ್ದ ಮನೆಯನ್ನು ಯಾವ ಮಾಯೆಯೂ ಮುಟ್ಟದು ಎಂಬುದು ಆ ರಾಜ್ಯಕ್ಕಿದ್ದ ವರ.

ಒಕ್ಕಲುಮನೆಗಳ ಕತೆ ಹೇಳುವುದು ತಿರಕಪ್ಪನ ಕಸುಬು. ಸುಗ್ಗಿ ಮುಗಿದ ಮೇಲೆ ಮನೆಮನೆಯ ಜಗಲಿಯಲ್ಲಿ ಕೂತು, ಆ ಹೊಲವನ್ನು ಮೊದಲು ಉತ್ತವರು ಯಾರೆಂದು ಹಾಡುತ್ತಿದ್ದ. ಅಪ್ಪ ಕಲಿಸಿದ್ದು ನಿಜದ ಕತೆ. ಆದರೆ ಮೂಲಪುರುಷ ದನಗಾಹಿ ಎಂದು ಹಾಡಿದರೆ ಬೊಗಸೆ ರಾಗಿ ಸಿಗುತ್ತಿತ್ತು, ದಂಡನಾಯಕ ಎಂದರೆ ಮೊರದ ತುಂಬ. ತಿರಕಪ್ಪ ಎಲ್ಲರನ್ನೂ ದಂಡನಾಯಕರ ಮಕ್ಕಳನ್ನಾಗಿ ಮಾಡಿಬಿಟ್ಟ.

ಗವಿಯ ಮಾಂತ್ರಿಕ ಜಂಬುಕಾಕ್ಷ ಇದನ್ನು ತಿಳಿದು, ವರದ ಕಾವಲು ತಪ್ಪಿತೆಂದು ರಾಜ್ಯವನ್ನೇ ನುಂಗಿಸಲು ಬಂಡೆಗೆ ಉಸಿರೂದಿ ಕಲ್ಲಿನ ಗೂಳಿ ಮಾಡಿ ಬಿಟ್ಟ.

ಗೂಳಿ ಮೊದಲ ಮನೆಯೆದುರು ನಿಂತಿತು. "ಈ ನೆಲಕ್ಕೆ ಮೊದಲು ನೇಗಿಲು ಊರಿದವರು ಯಾರು?"

"ದಂಡನಾಯಕರು!" ಎಂದ ಯಜಮಾನ. ಗೂಳಿ ಬಾಯಿ ತೆರೆಯಿತು. ಮನೆ, ಹಟ್ಟಿ, ಹೊಲ, ಜನ ಎಲ್ಲ ಒಳಗೆ ಹೋದವು.

ಎರಡನೇ ಮನೆಯಲ್ಲೂ ಅದೇ ಪ್ರಶ್ನೆ, ಅದೇ ಉತ್ತರ. ಅದೂ ಹೋಯಿತು. ಬಣವೆಯ ಹಿಂದೆ ಅಡಗಿದ್ದ ತಿರಕಪ್ಪನಿಗೆ ನಾಚಿಕೆಯಿಂದ ಮೈ ಸುಟ್ಟಿತು; ಆದರೂ ಹೊರಗೆ ಬರಲಿಲ್ಲ.

ಮೂರನೆಯದು ಅವನ ಅಕ್ಕ ಬಸಲಿಂಗವ್ವ ಸೊಸೆಯಾಗಿ ಸೇರಿದ ಮನೆ. ಅವಳ ಅತ್ತೆ ಈರವ್ವ ಹೊಸ ಸೀರೆಯುಟ್ಟು ಬಾಗಿಲಲ್ಲಿ ನಿಂತು ಸೊಸೆಗೆ ಹೇಳಿದಳು: "ಬರಲಿ ಬಿಡೇ ಗೂಳಿ. ದಂಡನಾಯಕರ ಮನೆ ಅಂತ ನಿನ್ನ ತಮ್ಮನೇ ಹಾಡಿಲ್ಲವೇನು?"

ತಿರಕಪ್ಪ ಓಡಿಬಂದು ನಡುವೆ ನಿಂತ. "ಅತ್ತೆ, ಅದು ಸುಳ್ಳು."

"ಏನಂದೆಯೋ? ನಮ್ಮ ರಾಗಿ ತಿಂದ ಬಾಯಲ್ಲೇ ಹೇಳ್ತೀಯಾ?"

"ಅದಕ್ಕೇ ಹೇಳ್ತೀನಿ. ಈ ನೆಲಕ್ಕೆ ಮೊದಲು ಬಂದವಳು ದ್ಯಾಮಿ. ಅವಳ ಹತ್ತಿರ ನೇಗಿಲೂ ಇರಲಿಲ್ಲ, ಎತ್ತೂ ಇರಲಿಲ್ಲ. ಬೆನ್ನಿಗೆ ಕೂಸು ಕಟ್ಟಿಕೊಂಡು, ಕೋಲಿನಿಂದ ಕುಳಿ ತೋಡಿ ಕಾಳು ಹಾಕಿದಳು."

"ಯಾಕೆ ಬಂದಳು?" ಎಂದಿತು ಗೂಳಿ.

ತಿರಕಪ್ಪ ತಲೆ ತಗ್ಗಿಸಿದ. "ಹಸಿದ ಕೂಸಿಗೆಂದು ರಾಗಿ ಕದ್ದಳು. ಊರವರು ಓಡಿಸಿದರು."

ಅಕ್ಕ ಮುಖ ತಿರುಗಿಸಿದಳು. ಗೂಳಿಯ ಬಾಯಿಗಿಂತ ಅದೇ ಅವನನ್ನು ಹೆಚ್ಚು ನಡುಗಿಸಿತು.

ನಿಜ ಕೇಳಿದ ಗೂಳಿಯ ಕಲ್ಲುಮೈ ಬಿರಿಯಿತು. ನುಂಗಿದ ಮನೆಗಳು, ಹೊಲಗಳು, ಜನ ಹೊರಬಂದು ತಮ್ಮ ತಮ್ಮ ಜಾಗದಲ್ಲಿ ನಿಂತರು. ಗವಿಯಲ್ಲಿ ಜಂಬುಕಾಕ್ಷ ಹೊಟ್ಟಿನ ಹಾಗೆ ಹಾರಿಹೋದ.

ಆಮೇಲೆ ತಿರಕಪ್ಪ ಒಂದೊಂದೇ ಜಗಲಿ ಹತ್ತಿ ನಿಜ ಹೇಳಿದ. ಕೆಲವರು ಬೈದರು, ಕೆಲವರು ನಕ್ಕರು. ಕಡೆಗೆ ಎಲ್ಲರೂ ಉಂಡು ಸುಖವಾಗಿದ್ದರು. ಅವನು ಅಕ್ಕನ ಮನೆಗೆ ಕೊನೆಗೆ ಹೋಗಿ ಅಂಗಳದಲ್ಲೇ ನಿಂತ. ಈರವ್ವ ಚಾಪೆ ಹಾಸಿದಳು.

"ಕೂತ್ಕೊ. ದ್ಯಾಮವ್ವನ ಕತೆ ಮೊದಲಿಂದ ಹೇಳು. ಆ ಕೂಸು ಗಂಡೋ ಹೆಣ್ಣೋ?"

"ಹೆಣ್ಣು, ಅತ್ತೆ," ಎಂದ ತಿರಕಪ್ಪ, ನೆಲ ನೋಡುತ್ತಲೇ. ಒಳಗಿಂದ ಅಕ್ಕ ಬಂದು ಅವನ ಪಕ್ಕ ಕೂತಳು.