ಮೊಳೆ ಹೊಡೆದ ಕೊಂಬೆ

"ಬೇರೆ ಎಲ್ಲಾ ಸವರ್ಕೊಳಪ್ಪಾ. ಮೊಳೆ ಹೊಡೆದಿರೋ ಆ ಕೊಂಬೆ ಮಾತ್ರ ಮುಟ್ಬೇಡ," ಮನೆ ಮಾರಿದ ಅಜ್ಜಿ ಬೀಗದಕೈ ಕೊಡುತ್ತ ಪಿಸುಗುಟ್ಟಿದಳು. ಹಿತ್ತಲಿನ ಸೇಬಿನ ಮರ ತನ್ನ ಪಾಲಿಗೆ ಬರಲಿಲ್ಲವೆಂದು ಅವಳ ಮೈದುನ ಮಾಟ ಮಾಡಿಸಿದ್ದನಂತೆ. "ನಮ್ಮೆಜಮಾನ್ರು ಅದರದ್ದೊಂದು ರೆಂಬೆ ಮುರಿದ್ರು. ಅವತ್ತೇ ಮಗಳ ಎರಡು ಬೆರಳು ಒಣಗಿ ಕಡ್ಡಿಯಾದ್ವು."

ಮನೆ ಕೊಂಡ ಕ್ಷೌರಿಕ ನಕ್ಕ. "ಎಂಥೆಂಥವರ ತಲೇನೇ ಬೋಳಿಸಿದೀನಿ ಅಜ್ಜೀ. ಮರ ಯಾವ ಲೆಕ್ಕ?"

ಎಲೆಯೆಲ್ಲ ಉದುರಿದ ಚಳಿಗಾಲದ ಒಂದು ರಜೆಯ ದಿನ ಗರಗಸ ಹಿಡಿದು ಏಣಿ ಹತ್ತಿದ. ಮಧ್ಯಾಹ್ನವಾದರೂ ಮಂಜು ಕರಗಿರಲಿಲ್ಲ. ಒಳಗೆ ತಂಗಿಯ ಹೊಲಿಗೆಯಂತ್ರ ಟರಟರ ಎನ್ನುತ್ತಿತ್ತು. ಒಣಗಿದ್ದನ್ನು, ಒಂದಕ್ಕೊಂದು ಉಜ್ಜುತ್ತಿದ್ದುದನ್ನು, ಕಾಯಿ ಬಿಡದೆ ಸುಮ್ಮನೆ ನೆಟ್ಟಗೆ ಎದ್ದಿದ್ದ ಚಿಗುರುಗಳನ್ನು ಕತ್ತರಿಸಿ ಕೆಳಗಿಳಿದ. ಉಳಿದದ್ದು ಅದೊಂದೇ. ಭುಜದೆತ್ತರದಲ್ಲಿ, ಯಾರೋ ತೋಳು ಚಾಚಿದಂತೆ. ತುಕ್ಕು ಹಿಡಿದ ಮೊಳೆಗೆ ಉದ್ದನೆಯ ಕೂದಲು ಸುತ್ತಿಕೊಂಡಿತ್ತು.

"ಕೂದಲು ನೋಡಿ ನಾನು ಹೆದರೋದಾ?" ಎಂದು ಗರಗಸ ಇಟ್ಟ.

ಹಸಿಮರದ ಕಂಪು ಬರಲಿಲ್ಲ. ಕೊಳೆತ ಗಾಯದ ನಾತ ಮೂಗಿಗೆ ಬಡಿಯಿತು. ಉಸಿರು ಬಿಗಿಹಿಡಿದು ಅರ್ಧ ಕೊಯ್ದ.

ಹೊಲಿಗೆಯಂತ್ರ ನಿಂತಿತು.

"ಅಣ್ಣಾ! ನನ್ನ ಕೈ!"

ಕಿಟಕಿಗೆ ಓಡಿದ. ತಂಗಿಯ ಬಲಗೈ ಭುಜದವರೆಗೂ ಬೂದಿಬಣ್ಣಕ್ಕೆ ತಿರುಗಿತ್ತು. ಚರ್ಮ ತೊಗಟೆಯಂತೆ ಬಿರಿಯುತ್ತಿತ್ತು. ಬೆನ್ನ ಹಿಂದೆ ಕೊಂಬೆ ಚಟ್ಟೆಂದಿತು. ಅವಳು ಚೀರಿದಳು. ತನ್ನದೇ ಭಾರಕ್ಕೆ ಅದು ಸೀಳಿಹೋಗುತ್ತಿತ್ತು. ವಾಪಸು ಓಡಿದ. ಕೊಂಬೆಯ ಅಡಿಗೆ ಹೆಗಲು ಕೊಟ್ಟ. ಚಟ್. ಮತ್ತೊಂದು ಚೀತ್ಕಾರ. ಹೆಗಲು ತೆಗೆದರೆ ಮುರಿಯುತ್ತದೆ. ತೆಗೆಯದೆ ಅವಳ ಬಳಿ ಹೋಗುವಂತಿಲ್ಲ. ಬೆವರು ಕಣ್ಣಿಗಿಳಿಯಿತು.

"ಬಟ್ಟೆ ತಗೊಂಬಾರೇ! ಬೇಗ!"

ಗೋಡೆ ಹಿಡಿದು ಹಿಡಿದು ಬಂದಳು. ಬೂದಿಬಣ್ಣ ಕುತ್ತಿಗೆಯ ಬುಡ ಮುಟ್ಟಿತ್ತು. ಎಡಗೈಯಿಂದ ಕೊಂಬೆಯ ಸೀಳಿಗೆ ಬಟ್ಟೆಯ ಪಟ್ಟಿ ಸುತ್ತಿದಳು. ಹಲ್ಲಿನಿಂದ ಎಳೆದಳು. ಬಿಗಿದಳು. ಇನ್ನೊಂದು ಸುತ್ತು. ಇನ್ನೊಂದು ಗಂಟು.

ಬೂದಿಬಣ್ಣ ಅಲ್ಲೇ ನಿಂತಿತು.

ಜೀವ ಉಳಿಯಿತು, ಕೈ ಸತ್ತಿತು. ಡಾಕ್ಟರು ಸೂಜಿ ಚುಚ್ಚಿ ನೋಡಿ ತಲೆಯಾಡಿಸಿದರು. ಕ್ಷೌರಿಕ ಕೊಂಬೆಗೆ ಆಸರೆಯಾಗಿ ಕವೆಗೋಲು ನಿಲ್ಲಿಸಿದ, ಗಾಯಕ್ಕೆ ಮಣ್ಣು ಮೆತ್ತಿದ, ಎಳೆಕೂಸನ್ನು ಸಾಕುವ ಹಾಗೆ ಮರವನ್ನು ಸಾಕಿದ. ಚಳಿ ಮುಗಿದು ಕೊಂಬೆಯಲ್ಲಿ ಮೊದಲ ಮೊಗ್ಗು ಉಬ್ಬಿದ ದಿನ ತಂಗಿಯ ಕಿರುಬೆರಳು ಅಲುಗಿತು. ಇಬ್ಬರೂ ಅತ್ತರು.

ಎಂಟು ದಿನವೂ ಕಳೆದಿರಲಿಲ್ಲ.

"ಅಣ್ಣಾ, ಮೊಣಕೈಯೊಳಗೆ ಏನೋ ಕೊರೀತಿದೆ."

ಅವನು ಹಿತ್ತಲಿಗೆ ಹೋಗಿ ನೋಡಿದ. ಕೊಂಬೆಯ ನಡುವೆ ಸಣ್ಣದೊಂದು ತೂತು. ಅದರ ಬಾಯಿಂದ ಹಸಿ ಮರದ ಪುಡಿ ಉದುರುತ್ತಿತ್ತು. ಕಾಂಡಕೊರಕ ಹುಳು. ಸುಮ್ಮನೆ ಬಿಟ್ಟರೆ ತಿರುಳು ತಿನ್ನುತ್ತ ಬುಡದ ಕಡೆಗೇ ಸಾಗುತ್ತದೆ. ಕೊಲ್ಲಲು ಇರುವುದು ಒಂದೇ ದಾರಿ. ಹುಳು ಸಿಗುವ ತನಕ ತೂತಿನೊಳಗೆ ತಂತಿ ತೂರಿಸಿ ತಿವಿಯಬೇಕು.

"ತಡ್ಕೋತೀಯೇನೇ?" ಎಂದ.

ಅವಳು ಬಟ್ಟೆ ಮಡಿಸಿ ಹಲ್ಲಲ್ಲಿ ಕಚ್ಚಿಕೊಂಡು ಮರಕ್ಕೆ ಒರಗಿ ಕೂತಳು.

ಅವನು ತಂತಿ ತೂರಿಸಿದ.